ಡಾಂಬರು ಶುರುವಾಗುವ ಜಾಗ

ಮನೆಯ ದೊಡ್ಡ ಸೊಸೆಗೆ ಹೊಟ್ಟೆಕಿಚ್ಚು ಏಳುತ್ತಿದ್ದುದು ದಿನವೂ ಒಂದೇ ಜಾಗದಲ್ಲಿ, ಹೊಲದ ಮಣ್ಣುದಾರಿ ಮುಗಿದು ಡಾಂಬರು ರಸ್ತೆ ಶುರುವಾಗುವಲ್ಲಿ. ಅಲ್ಲಿ ಅವಳು ಟ್ರ್ಯಾಕ್ಟರ್ ನಿಲ್ಲಿಸಿ ಕೆಳಗಿಳಿಯಬೇಕು. ಕಾದು ನಿಂತ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ತಲೆಗೆ ಬಟ್ಟೆ ಬಿಗಿದುಕೊಂಡು ಹತ್ತಬೇಕು. ಕಾರಣ ಇಷ್ಟೆ. ಚಿಕ್ಕವಳ ಹತ್ತಿರ ಲೈಸೆನ್ಸ್ ಇತ್ತು, ದೊಡ್ಡವಳ ಹತ್ತಿರ ಇರಲಿಲ್ಲ.

ಗಂಡನಿಗೆ ಸೊಂಟ ಹಿಡಿದುಕೊಂಡು ಓಡಿಸುವುದು ನಿಂತಾಗಿನಿಂದ ಆ ಟ್ರ್ಯಾಕ್ಟರ್ ದೊಡ್ಡವಳದೇ ಕೂಸು. ಅದು ಕೆಮ್ಮಿದರೆ ಯಾಕೆ ಕೆಮ್ಮಿತೆಂದು ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಲೈಸೆನ್ಸ್ ಮಾಡಿಸು ಎಂದರೆ ಮಾತ್ರ ಮೂಗು ಮುರಿಯುತ್ತಿದ್ದಳು. “ನನ್ನ ಗಾಡಿ ಓಡ್ಸೋಕೆ ನಾನ್ಯಾರನ್ನ ಕೇಳ್ಬೇಕು?” ನಿನ್ನೆ ಮೊನ್ನೆ ಬಂದ ಚಿಕ್ಕವಳು ಅವಳಿಂದಲೇ ಗೇರು ಹಾಕುವುದನ್ನು ಕಲಿತು, ಹೋಗಿ ಲೈಸೆನ್ಸ್ ತಂದುಬಿಟ್ಟಳು. ಗೆದ್ದಲು ಹುತ್ತ ಕಟ್ಟಿದರೆ ಹಾವು ಬಂದು ಸೇರಿಕೊಂಡಂತಾಯಿತು.

“ಮಡ್‌ಗಾರ್ಡ್ ಮೇಲಾದ್ರೂ ಕೂತ್ಕೋತೀನಿ,” ಎಂದಿದ್ದಳು ದೊಡ್ಡವಳು ಮೊದಲ ದಿನ.

“ಬೇಡ ಅಕ್ಕ, ಡ್ರೈವರ್ ಬಿಟ್ಟು ಇನ್ನೊಬ್ರು ಕೂರೋ ಹಾಗಿಲ್ಲ. ಟ್ರೇಲರಲ್ಲೂ ಇಲ್ಲ. ಬಸ್ಸಲ್ಲಿ ಬನ್ನಿ, ಮಾರ್ಕೆಟ್ಟಲ್ಲಿ ಕಾಯ್ತಿರ್ತೀನಿ.”

ತನ್ನ ಟ್ರ್ಯಾಕ್ಟರಿನ ಹೊಗೆ ಕುಡಿಯುತ್ತಾ ತಾನು ಬಸ್ಸಿಗೆ ಕಾಯುವುದು! ಸಾಲದ್ದಕ್ಕೆ ಸಂಜೆಯ ಪಾರಾಯಣ ಬೇರೆ. ಚಿಕ್ಕವಳು ಬಟ್ಟೆ ಮಡಚುತ್ತಾ, ನಿಯಮದ ಪುಸ್ತಕ ಮುಂದಿಟ್ಟುಕೊಂಡು ಮನೆಗೆಲ್ಲ ಕೇಳುವಂತೆ ಓದುತ್ತಿದ್ದಳು. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಹೊರೆ ಹೊರಗೆ ಚಾಚಿಕೊಂಡಿರಬಾರದು. ನಿಧಾನದ ಗಾಡಿ ರಸ್ತೆಯ ಅಂಚು ಹಿಡಿಯಬೇಕು. ದೊಡ್ಡವಳು ಪಾತ್ರೆ ಕುಕ್ಕುತ್ತಿದ್ದಳು. “ಪಾಸಾಗಿ ವರ್ಷ ಆಯ್ತು, ಇವಳ ಜಂಬ ಇನ್ನೂ ಇಳೀಲಿಲ್ಲ.”

“ಓದ್ಲಿ ಬಿಡೆ, ನಿನ್ನ ಗಂಟೇನು ಹೋಯ್ತು?” ಎನ್ನುತ್ತಿದ್ದಳು ಅತ್ತೆ.

ಒಂದು ದಿನ ದೊಡ್ಡವಳು ಬೆವರು ಒರೆಸಿಕೊಳ್ಳುತ್ತಾ ಬಸ್ಸಿಳಿದು ಮಾರುಕಟ್ಟೆಗೆ ಹೋದಾಗ, ಆಲೂಗಡ್ಡೆ ವ್ಯಾಪಾರಿ ಚಿಕ್ಕವಳನ್ನು ಕೇಳಿದ: “ಯಜಮಾನ್ತಿ, ಮೂಟೆ ಇಳಿಸೋಕೆ ಬಂದಿರೋ ಕೆಲಸದವಳು ಇವಳೇನಾ?” ಚಿಕ್ಕವಳು “ಅಯ್ಯೋ, ನಮ್ಮಕ್ಕ” ಎಂದದ್ದು ದೊಡ್ಡವಳ ಕಿವಿಗೆ ಬೀಳಲೇ ಇಲ್ಲ. ಅವಳ ಮೈಯೆಲ್ಲ ಉರಿದುಹೋಗಿತ್ತು.

ಆ ವಾರವೇ ಹಲ್ಲುನೋವೆಂದು ಸುಳ್ಳು ಹೇಳಿ ಸಾರಿಗೆ ಕಚೇರಿಗೆ ಹೋದಳು. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆ ಓದಿದ್ದೇ ತಡ, ಉತ್ತರ ಕಿವಿಯಲ್ಲಿ ಕೇಳಿಸಿತು, ಅದೂ ಆ ಹಾಳು ದನಿಯಲ್ಲಿ! ಕೆಂಪು ರಿಫ್ಲೆಕ್ಟರ್, ಹೊರೆ, ರಸ್ತೆಯ ಅಂಚು, ಒಂದೂ ತಪ್ಪಲಿಲ್ಲ. ಗಾಡಿ ಓಡಿಸಿ ತೋರಿಸುವ ದಿನ ಮತ್ತೆ ಹಲ್ಲು ನೋಯಿತು. “ಎಲ್ಲಿ, ಬಾಯಿ ತೆಗಿ, ಯಾವ ಹಲ್ಲು?” ಎಂದು ಅತ್ತೆ ಬೆನ್ನು ಹತ್ತಿದರೂ ತಪ್ಪಿಸಿಕೊಂಡು ಹೋಗಿ ಪಾಸಾಗಿ ಬಂದಳು.

ಲೈಸೆನ್ಸ್ ಕೈಗೆ ಬಂದ ಮರುದಿನ, ಡಾಂಬರು ಸಿಕ್ಕಾಗ ದೊಡ್ಡವಳು ಇಳಿಯಲಿಲ್ಲ. ಕಾರ್ಡನ್ನು ಚಿಕ್ಕವಳ ಮೂಗಿಗೆ ಹಿಡಿದಳು. ಅವಳ ಮುಖ ಬಾಡುವುದನ್ನು ಕಣ್ತುಂಬ ನೋಡಬೇಕಿತ್ತು. ಚಿಕ್ಕವಳು ಕೈತಟ್ಟಿ ನಕ್ಕಳು.

“ಅಂತೂ ತಗೊಂಡ್ರಾ!”

“ಹೂಂ. ದಿನಾ ನಿನ್ನ ಜಂಬದ ಓದು ಕೇಳಿ ಕೇಳಿ ಬಾಯಿಪಾಠ ಆಗಿತ್ತು.”

“ನಂಗೆ ಸಿಕ್ಕಿ ವರ್ಷ ಆಯ್ತಲ್ಲ ಅಕ್ಕ. ಮತ್ಯಾರಿಗೆ ಓದ್ತಿದ್ದೆ ಅಂದ್ಕೊಂಡ್ರಿ? ಕೂತು ಕಲೀರಿ ಅಂದಿದ್ರೆ ನೀವು ಕಲೀತಿದ್ರಾ?”

ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ! ಗೆದ್ದ ಖುಷಿಯಲ್ಲೂ ಅರ್ಧ ಪಾಲು ಕಿತ್ತುಕೊಂಡಳಲ್ಲ ಎಂದು ದೊಡ್ಡವಳ ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು. ಅದು ಕಾಣದಿರಲಿ ಎಂದು ಬಗ್ಗಿ ಗೇರು ಹಾಕಿದಳು. ಅಷ್ಟರಲ್ಲಿ ಚಿಕ್ಕವಳು ಸಂಭ್ರಮದಲ್ಲಿ ಮಡ್‌ಗಾರ್ಡಿನ ಕಡೆ ಕಾಲೆತ್ತಿದಳು.

“ಇಳಿ ಕೆಳಗೆ,” ಎಂದಳು ದೊಡ್ಡವಳು. “ಡ್ರೈವರ್ ಬಿಟ್ಟು ಇನ್ನೊಬ್ರು ಕೂರೋ ಹಾಗಿಲ್ಲ. ಬಸ್ಸಲ್ಲಿ ಬಾ, ಮಾರ್ಕೆಟ್ಟಲ್ಲಿ ಕಾಯ್ತಿರ್ತೀನಿ.”

ಟ್ರ್ಯಾಕ್ಟರ್ ಡಾಂಬರಿಗೆ ಏರಿತು. ಹಿಂದೆ ಕೈಬೀಸುತ್ತಿದ್ದವಳು ಕನ್ನಡಿಯಲ್ಲಿ ಕಾಣುತ್ತಿದ್ದಷ್ಟು ದೂರವೂ ದೊಡ್ಡವಳು ಗೇರು ಏರಿಸಲಿಲ್ಲ.