ಮಾವಶಿಯ ಹತ್ತಿರ ಇದ್ದ ಚಾವಿ

ಆ ಲೇಖಕನ ಹೆಸರು ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಬೆಳಗಾವಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಅವನ ದೆವ್ವದ ಕಾದಂಬರಿಗಳನ್ನೇ ಎಲ್ಲಕ್ಕಿಂತ ಮುಂದೆ ಜೋಡಿಸಿಟ್ಟಿರುತ್ತಾರೆ. ನಾನು ಖಾನಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನಾ ಹೋಗಿ ಬರುವ ಬಸ್ಸಿನಲ್ಲಿ ಒಂದೇ ತಿಂಗಳಲ್ಲಿ ಅವನ ನಾಲ್ಕು ಪುಸ್ತಕ ಮುಗಿಸಿದೆ. ಬರೆಯಲು ಬರುತ್ತದೆ ಆ ಮನುಷ್ಯನಿಗೆ, ಸುಳ್ಳೇಕೆ ಹೇಳಲಿ? ಖಾನಾಪುರ ಬಂದದ್ದೂ ಗೊತ್ತಾಗದೆ ಕಂಡಕ್ಟರನಿಂದ ಬೈಸಿಕೊಂಡಿದ್ದೇನೆ.

ಆದರೆ ಅವನಲ್ಲಿ ದೆವ್ವ ಬರೀ ನೆಪ. ದೆವ್ವ ಬಂದದ್ದೇ ತಡ, ಇಡೀ ಊರು ನಾಯಿಗಳಂತೆ ಕಚ್ಚಾಡುತ್ತದೆ. ನಾಲ್ಕನೆಯ ಪುಸ್ತಕದಲ್ಲಂತೂ ಒಬ್ಬ ಹೆಂಗಸು, ತನ್ನ ಮನೆ ಉಳಿದರೆ ಸಾಕೆಂದು, ಪಕ್ಕದ ಮನೆಯವರು ನಂಬಿ ಕೊಟ್ಟಿದ್ದ ಚಾವಿಯಿಂದ ಅವರ ಬಾಗಿಲನ್ನೇ ದೆವ್ವಕ್ಕೆ ತೆರೆದುಕೊಡುತ್ತಾಳೆ. ಮನುಷ್ಯ ಎಂದರೆ ಇಷ್ಟೇ ಎಂದು ಕೊನೆಯ ಪುಟದಲ್ಲಿ ತೀರ್ಪು ಬೇರೆ. ಇವನಿಗೆ ಈ ನ್ಯಾಯಾಧೀಶನ ಕುರ್ಚಿ ಕೊಟ್ಟವರು ಯಾರು?

ಬೆಳಗಾವಿಯ ಖಾಸಬಾಗದ ನಮ್ಮ ಓಣಿಗೆ ನಳದ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಯಾವ ಹೊತ್ತಿಗೆ ಎಂಬುದು ನೀರು ಬಿಡುವವನಿಗೇ ಗೊತ್ತು. ನಾನು ಒಂಟಿ ಹೆಂಗಸು, ಹಗಲೆಲ್ಲ ಖಾನಾಪುರದಲ್ಲಿ. ಹಾಗಾಗಿ ಹತ್ತು ವರ್ಷದಿಂದ ನನ್ನ ಮನೆಯ ಇನ್ನೊಂದು ಚಾವಿ ಪಕ್ಕದ ಮನೆಯ ಮಾವಶಿಯ ಹತ್ತಿರ ಇರುತ್ತಿತ್ತು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ನಾನು ಅವರನ್ನು ಕರೆಯುವುದೇ ಹಾಗೆ. ನೀರು ಬಂದರೆ ತಮ್ಮದನ್ನು ಬಿಟ್ಟು ಮೊದಲು ನನ್ನ ಮನೆಯೊಳಗಿನ ಬ್ಯಾರಲ್ ತುಂಬುತ್ತಿದ್ದರು. ಮನೆಯವರೊಡನೆ ಮರಾಠಿ, ನನ್ನೊಡನೆ ಕನ್ನಡ, ನೀರು ತಡವಾದರೆ ಎರಡರಲ್ಲೂ ಬೈಗುಳ.

ನಾಲ್ಕನೆಯ ಪುಸ್ತಕ ಮುಗಿದ ಸಂಜೆ ಮನೆಗೆ ಬಂದರೆ ಸಕ್ಕರೆ ಡಬ್ಬಿಯ ಮುಚ್ಚಳ ತೆರೆದಿತ್ತು. ಮಾವಶಿಯೇ ಕೈ ಹಾಕಿರಬೇಕು ಅನ್ನಿಸಿತು. ಬೆಳಿಗ್ಗೆ ಚಹಾ ಮಾಡುವ ಗಡಿಬಿಡಿಯಲ್ಲಿ ನಾನೇ ಹಾಗೆ ಬಿಟ್ಟಿದ್ದೆ. ಅದು ನೆನಪಾಗಲು ಎರಡು ದಿನ ಬೇಕಾಯಿತು. ಅಷ್ಟರಲ್ಲಿ ನನ್ನ ಬಾಗಿಲಲ್ಲೇ ನಿಂತು, "ಮಾವಶಿ, ನನ್ನ ಚಾವಿ ಕಳದೈತ್ರಿ. ನಿಮ್ಮ ಕಡೆ ಇರೂದು ಕೊಡ್ರಿ" ಎಂದು ಇಸಿದುಕೊಂಡಾಗಿತ್ತು. ನೆನಪಾದ ಮೇಲೂ ತಿರುಗಿ ಕೊಡಲಿಲ್ಲ. ಯಾವ ಮುಖ ಹೊತ್ತು ಕೊಡಲಿ?

ಆ ವಾರ ನಾನು ಶಾಲೆಯಲ್ಲಿದ್ದಾಗಲೇ ನೀರು ಬಂದು ಹೋಯಿತು. ಸಂಜೆ ಬಂದು ನೋಡುತ್ತೇನೆ, ನನ್ನ ಕಟ್ಟೆಯ ಮೇಲೆ ಮಾವಶಿಯ ಮನೆಯ ಕೊಡ, ಹಂಡೆ, ಬಕೆಟ್ಟು, ಕೊನೆಗೆ ಕುಕ್ಕರ್ ಕೂಡ. ಎಲ್ಲ ತುಂಬಿ, ಮೇಲೆ ತಾಟು ಮುಚ್ಚಿಟ್ಟಿದ್ದರು. ಕುಕ್ಕರ್! ಆರು ಜನರಿರುವ ಮನೆ ಅದು. ಅವರಿಗೆ ಉಳಿದದ್ದು ಒಂದು ಬ್ಯಾರಲ್ ನೀರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಲೇಖಕನ ಮೇಲೆ ಬಂತು, ಅವನಿಗಿಂತ ಹೆಚ್ಚು ನನ್ನ ಮೇಲೆ ಬಂತು. ಅವನೇನೋ ಕುಳಿತಲ್ಲೇ ಕಲ್ಪಿಸಿ ಬರೆದ. ಹತ್ತು ವರ್ಷ ಕಣ್ಣಾರೆ ಕಂಡದ್ದನ್ನು ಬಿಟ್ಟು ಅವನನ್ನು ನಂಬಿದವಳು ನಾನು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಚಾವಿ ಹಿಡಿದುಕೊಂಡು ಅವರ ಮನೆಗೆ ಹೋದೆ. "ನಂದು ಸಿಕ್ತ್ರಿ ಮಾವಶಿ. ಇದು ನಿಮ್ಮ ಕಡೇನ ಇರ್ಲಿ" ಎಂದೆ. ಅಲ್ಲೂ ಸುಳ್ಳು.

ಮಾವಶಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದು ಕಳದಿದ್ದಿಲ್ಲ ಬಿಡ್ರಿ ಅಕ್ಕೋರ. ನೀವು ಕೇಳೂವಾಗ ನಿಮ್ಮ ಚಾವಿ ಬಾಗಲದ ಕೀಲಿಗೇ ಜೋತಾಡಾಕತ್ತಿತ್ತು. ನಾ ನೋಡೇನಿ."

ನಾನು ಕೈ ಚಾಚಿದವಳು ಚಾಚಿಕೊಂಡೇ ನಿಂತಿದ್ದೆ.

"ನೀರ ತುಂಬತೀನ್ರಿ, ಅದಕ್ಕೇನು ತ್ರಾಸಿಲ್ಲ. ಚಾವಿ ಮಾತ್ರ ಬ್ಯಾಡ" ಎಂದರು.

ಈಗಲೂ ನೀರು ಬಂದರೆ ಮಾವಶಿಯೇ ತುಂಬುತ್ತಾರೆ. ನಾನು ಹೊರಗಿಟ್ಟು ಹೋದ ಕೊಡಗಳನ್ನು ತುಂಬಿ, ತಾಟು ಮುಚ್ಚಿ, ಕಟ್ಟೆಯ ಮೇಲೆ ಬಿಡುತ್ತಾರೆ. ಹತ್ತು ವರ್ಷ ತಮ್ಮ ಮನೆಯಂತೆ ಓಡಾಡಿದ ನನ್ನ ಮನೆಗೆ ಮತ್ತೆ ಕಾಲಿಟ್ಟಿಲ್ಲ.