ಮೊದಲೇ ಕೆತ್ತಿಟ್ಟ ಎರಡು ಅಕ್ಷರ

ನನ್ನ ಗಂಡ ತೋಕುಜಿ ಕಲ್ಲುಕುಟಿಗ. ಐವತ್ತು ವರ್ಷ ಸಮಾಧಿಕಲ್ಲು ಕೆತ್ತಿದವರು. ಆದರೂ ನಮ್ಮೂರಲ್ಲಿ ಅವರ ಹೆಸರೆತ್ತಿದರೆ ಜನಕ್ಕೆ ನೆನಪಾಗುವುದು ಅವರು ಕೆಡಿಸಿದ ಒಂದೇ ಒಂದು ಕಲ್ಲು. ಆ ತಪ್ಪು ಅವರದಲ್ಲ, ನನ್ನದು. ಇಷ್ಟು ಹೇಳುವುದಕ್ಕೆ ನನಗೆ ಮೂವತ್ತು ವರ್ಷ ಬೇಕಾಯಿತು, ಅದೂ ಅವರು ಹೋದ ಮೇಲೆ.

ಮಾತು ಕಡಿಮೆಯ ಮನುಷ್ಯ. ಊಟಕ್ಕೆ ಕರೆದರೆ "ಇದೊಂದು ಗೆರೆ" ಅನ್ನುವರು. ಆ ಗೆರೆ ಮುಗಿಯುವಷ್ಟರಲ್ಲಿ ಬಟ್ಟಲಿನ ನೂಡಲ್ಸ್ ಮುದ್ದೆಯಾಗಿರುತ್ತಿತ್ತು. ಉಳಿಗೆ ಕೊಡುವ ಮರ್ಯಾದೆಯಲ್ಲಿ ಅರ್ಧ ನನಗೆ ಕೊಡಿ ಎಂದು ರೇಗುತ್ತಿದ್ದೆ.

ನಮ್ಮಲ್ಲಿ ವರ್ಷ ಎಣಿಸುವುದು ಚಕ್ರವರ್ತಿಗಳ ಆಳ್ವಿಕೆಯ ಹೆಸರಿನಿಂದ; ಆಗ ಅದು ಶೋವಾ. ಶೋವಾ ಐವತ್ತೊಂದರಲ್ಲಿ ಮೀನುಗಾರ ಓಮುರಾ ತೀರಿಕೊಂಡ. ಅವನ ಹೆಂಡತಿ ಕಿಕುನೊಗೆ ಆಗ ಅರವತ್ತಾರು, ಎದೆನೋವು ಬೇರೆ. ಗಂಡನ ಕಲ್ಲಿನಲ್ಲೇ ಬದುಕಿರುವ ಹೆಂಡತಿಯ ಹೆಸರನ್ನೂ ಕೆತ್ತಿ ಕೆಂಪು ಬಣ್ಣ ತುಂಬಿಡುವುದು ನಮ್ಮ ರೂಢಿ. ಅವಳೂ ಹೋದ ಮೇಲೆ ಕೆಂಪು ತೆಗೆದು ತಾರೀಖು ಕೆತ್ತಿದರಾಯಿತು. ಆದರೆ ಅಷ್ಟು ಹೊತ್ತಿಗೆ ಕಲ್ಲು ಬೆಟ್ಟದ ಮೇಲಿನ ಸ್ಮಶಾನದಲ್ಲಿ ನಿಂತಿರುತ್ತದೆ, ಕೆತ್ತುವವನು ಅಲ್ಲಿಗೇ ಹತ್ತಬೇಕು.

"ರೀ, ಹೇಗೂ ಉಳಿ ಕೈಲಿದೆ," ಎಂದೆ. "ಆಯಮ್ಮನ ಹೆಸರಿನ ಪಕ್ಕ 'ಶೋವಾ' ಅಂತಾನೂ ಹಾಕಿಬಿಡಿ. ಆಮೇಲೆ ಅಂಕಿ ಕೆತ್ತಿದ್ರೆ ಸಾಕು. ಬೆಟ್ಟದ ಮೇಲೆ ದಿನವೆಲ್ಲ ಮಂಡಿಯೂರೋದು ತಪ್ಪುತ್ತೆ."

ಅವರು ದನಿ ತಗ್ಗಿಸಿದರು. "ಅಲ್ಲ ಕಣೇ, ಚಕ್ರವರ್ತಿಗಳೇ ಮೊದಲು ಹೋದ್ರೆ? ಹೊಸಬರು ಬಂದ್ರೆ ವರ್ಷದ ಹೆಸರೇ ಬದಲಾಗುತ್ತೆ, ಎಣಿಕೆ ಮತ್ತೆ ಒಂದರಿಂದ."

"ಆ ಹೆಂಗಸನ್ನ ನೋಡಿದ್ರಾ? ಇನ್ನೆಷ್ಟು ದಿನ ಇರ್ತಾಳೆ?"

ಕಲ್ಲು ನೋಡಲು ಬಂದಿದ್ದ ಕಿಕುನೊ ನಮ್ಮ ಅಂಗಳದಲ್ಲೇ ಕೂತಿದ್ದಳು. ಚಹದ ಬಟ್ಟಲು ಕೆಳಗಿಟ್ಟು, "ಹಾಕಿಬಿಡಪ್ಪ ತೋಕುಜಿ," ಎಂದಳು. ಎಲ್ಲ ಕೇಳಿಸಿತ್ತು.

ಅವಳು ಇದ್ದಳು. ಒಂದಲ್ಲ ಎರಡಲ್ಲ, ಹನ್ನೆರಡು ವರ್ಷ ಕಳೆಯಿತು.

ಶೋವಾ ಅರವತ್ತಮೂರರ ಶರತ್ಕಾಲದಲ್ಲಿ ಚಕ್ರವರ್ತಿಗಳು ಹಾಸಿಗೆ ಹಿಡಿದರು. ಟೀವಿಯಲ್ಲಿ ದಿನಾ ಅವರ ಜ್ವರ, ನಾಡಿಬಡಿತದ ಸುದ್ದಿ. ಊರ ಹಬ್ಬ ನಿಂತಿತು, ಜನ ಜೋರಾಗಿ ನಗುವುದನ್ನೂ ಬಿಟ್ಟರು. ನವೆಂಬರಿನಲ್ಲಿ ಒಣಗಿಸಿದ ಕಾಕಿ ಹಣ್ಣು ಕೊಟ್ಟು ಬರೋಣವೆಂದು ಕಿಕುನೊ ಅಜ್ಜಿಯ ಮನೆಗೆ ಹೋದೆ. ತುಂಬ ಸೊರಗಿದ್ದಳು. ಅವಳ ಗಂಡನ ಪಟಕ್ಕೆ ಊದುಬತ್ತಿ ಹಚ್ಚಲು ಕೆಳಗಿನ ಡ್ರಾಯರ್ ಎಳೆದರೆ, ಎರಡು ತಿಂಗಳ ಎದೆನೋವಿನ ಮಾತ್ರೆ ಹಾಗೇ ಬಿದ್ದಿತ್ತು. ಒಂದು ಪೊಟ್ಟಣವೂ ಒಡೆದಿರಲಿಲ್ಲ.

"ಇದೇನಜ್ಜಿ?"

"ಹೊತ್ತಾಗ್ತಾ ಬಂತಲ್ಲಮ್ಮ. ಚಕ್ರವರ್ತಿಗಳಿಗಿಂತ ಮೊದಲು ಹೊರಟುಬಿಡಬೇಕು. ಇಲ್ದಿದ್ರೆ ಅಷ್ಟು ಚೆನ್ನಾಗಿರೋ ಕಲ್ಲು ಕೆಡುತ್ತೆ. ಪಾಪ, ನಿನ್ನ ಗಂಡ ಎಷ್ಟು ಕಷ್ಟಪಟ್ಟು ಕೆತ್ತಿದ್ದು!"

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಇಷ್ಟು ತಡ ಮಾಡಿದ್ದಕ್ಕೆ ಅವಳೇ ನನಗೆ ತಲೆಬಾಗಿ ಕ್ಷಮೆ ಕೇಳಿದಳು.

ಓಡಿ ಬಂದು ಗಂಡನಿಗೆ ಹೇಳಿದೆ. "ನೀನೇ ಅಲ್ವೇನೇ ಹಾಕಿಸಿದ್ದು" ಎಂದು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಬೆಟ್ಟ ಹತ್ತಿ, ಹೂವಿಡಲು ಬಂದವರ ಕಣ್ಣೆದುರಿಗೇ ಆ ಎರಡು ಅಕ್ಷರ ಒಡೆದುಹಾಕಿದರು.

ಊರು ಉರಿದುಬಿತ್ತು. "ಚಕ್ರವರ್ತಿಗಳು ಇನ್ನೂ ಉಸಿರಾಡ್ತಿದ್ದಾರೆ, ಈ ಅನಿಷ್ಟದವನು ಶೋವಾನೇ ಅಳಿಸ್ತಿದ್ದಾನಲ್ಲ!" ಗುಡಿಯ ಗುರುಗಳೇ ಮನೆಗೆ ಬಂದರು.

"ಅದನ್ನ ಮೊದಲೇ ಯಾಕಪ್ಪ ಕೆತ್ತಿದೆ? ಯಾರು ಹೇಳಿದ್ದು?"

ನಾನು ಚಹದ ತಟ್ಟೆ ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದೆ. ಎರಡು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು.

"ಯಾರೂ ಇಲ್ಲ," ಎಂದರು ನನ್ನ ಗಂಡ. "ನನ್ನ ಸೋಮಾರಿತನ."

ಗುಡಿಯಿಂದ ಬರುತ್ತಿದ್ದ ಕಲ್ಲಿನ ಕೆಲಸ ಅಂದಿಗೇ ಕೈತಪ್ಪಿತು. ಅವರು ಮಾತ್ರ ನೇರ ಕಿಕುನೊ ಮನೆಗೆ ಹೋದರು. "ಅಜ್ಜಿ, ತಪ್ಪು ಕೆತ್ತಿದ್ದೆ, ಅಳಿಸಿದೀನಿ. ಇನ್ನು ಯಾವ ವರ್ಷವಾದ್ರೂ ಆ ಕಲ್ಲಿಗೆ ಆಗುತ್ತೆ. ಮಾತ್ರೆ ತಗೊಳ್ಳಿ." ಅವಳು ನುಂಗುವವರೆಗೂ ಎದುರಿಗೇ ಕೂತಿದ್ದರಂತೆ.

ಜನವರಿಯಲ್ಲಿ ಚಕ್ರವರ್ತಿಗಳು ತೀರಿಕೊಂಡರು, ಶೋವಾ ಮುಗಿದು ಹೇಸೇ ಬಂತು. ಅಜ್ಜಿ ಹೇಸೇ ಆರರವರೆಗೂ ಬದುಕಿದಳು. ಅವಳ ತಾರೀಖನ್ನು ನನ್ನ ಗಂಡ ಬೆಟ್ಟದ ಮೇಲೆ ದಿನವೆಲ್ಲ ಮಂಡಿಯೂರಿ, ಒಡೆದ ಹಳ್ಳದೊಳಗೇ ಕೆತ್ತಿದರು.

ಹೇಸೇಯೂ ಮುಗಿದು ರೇವಾ ಬಂತು; ರೇವಾ ಎರಡರಲ್ಲಿ ನನ್ನ ಗಂಡನೂ ಹೋದರು. ಅವರ ಕಲ್ಲಿನಲ್ಲಿ ನನ್ನ ಹೆಸರನ್ನೂ ಕೆತ್ತಿಸಿ ಕೆಂಪು ತುಂಬಿಸಿದೆ. ಪಕ್ಕದೂರಿನ ಕಲ್ಲುಕುಟಿಗ ಕೇಳಿದ: "ಅಮ್ಮಾ, 'ರೇವಾ' ಅಂತಾನೂ ಈಗ್ಲೇ ಹಾಕಿಡ್ಲಾ? ಆಮೇಲೆ ಅಂಕಿ ಕೆತ್ತಿದ್ರೆ ಸಾಕು."

"ಇನ್ನೆಷ್ಟು ದಿನ ಇರ್ತೀನಿ ಅಂತ ಅಂದ್ಕೊಂಡೆಯಪ್ಪ?" ಎಂದೆ.

ಅವನ ಮುಖ ಕೆಂಪಾಯಿತು. "ತಪ್ಪಾಯ್ತಮ್ಮ, ಕ್ಷಮಿಸಿ," ಎಂದು ಅಲ್ಲೇ ತಲೆಬಾಗಿದ. ನಾನೂ ಅಷ್ಟೇ ಹೇಳಬೇಕಾಗಿದ್ದದ್ದು. ಅಂಗಳದ ಆ ಮಾತಾದ ಮೇಲೆ ಕಿಕುನೊ ಹದಿನೆಂಟು ವರ್ಷ ಪಕ್ಕದ ಬೀದಿಯಲ್ಲೇ ಇದ್ದಳು, ನಾನು ಹೇಳಲಿಲ್ಲ.