ಪಿಚ್ಚಿಗೆ ಬಿದ್ದ ಕಾಯಿನೀರು

ಲಕ್ಕಯ್ಯ ಚಪ್ಪಲಿ ಮೆಟ್ಟಿಕೊಂಡು ಪಿಚ್ಚಿನ ಮೇಲೆ ಕಾಲಿಟ್ಟದ್ದನ್ನು ಹಾಸನದಲ್ಲಿ ಯಾರೂ ಕಂಡವರಿಲ್ಲ. ಆ ಕ್ರಿಕೆಟ್ ಮೈದಾನದ ಮಣ್ಣನ್ನು ಇಪ್ಪತ್ತೊಂದು ವರ್ಷ ನೋಡಿಕೊಂಡವನು ಅವನು. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದರೆ ಸಾಕು, ಎಲ್ಲಿ ತೇವ ಉಳಿದಿದೆ, ಎಲ್ಲಿ ರೋಲರ್ ಸರಿಯಾಗಿ ಕೂತಿಲ್ಲ ಎಂಬುದು ಅವನ ಅಂಗಾಲಿಗೆ ತಿಳಿಯುತ್ತಿತ್ತು. ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಟೂರ್ನಮೆಂಟಿಗೆ ಬಂದ ಹುಡುಗರು, "ಲಕ್ಕಯ್ಯಣ್ಣ, ಇವತ್ತು ಬಾಲು ತಿರುಗ್ತದಾ?" ಎಂದು ಅವನನ್ನೇ ಕೇಳುತ್ತಿದ್ದರು.

"ಮಣ್ಣು ತಿರುಗುಸ್ತದೆ ಕಣ್ಲಾ. ನಿನ್ ಬೆರ್ಳು ತಿರುಗ್ಬೇಕು ಅಷ್ಟೇ," ಎನ್ನುತ್ತಿದ್ದ.

ಇಷ್ಟಾದರೂ ಅವನು ದಿನಗೂಲಿಯವನೇ. ಕರೆದ ದಿನ ಬರಬೇಕು, ಬೇಡವೆಂದ ದಿನ ಹೋಗಬೇಕು.

ಹೋದ ವರ್ಷ ಹಾಸನಕ್ಕೂ ಒಂದು ವೃತ್ತಿಪರ ತಂಡ ಬಂತು. ಹೇಮಾವತಿ ಹುಲಿಗಳು ಎಂದು ಹೆಸರು. ಅದರ ಮ್ಯಾನೇಜರ್ ದೇವರಾಜ್, ದೊಡ್ಡ ಜಮೀನಿನ ಮನೆಯ ಮಗ. ಅವನೇ ಮೈದಾನಕ್ಕೆ ಬಂದು ಲಕ್ಕಯ್ಯನ ಹೆಗಲ ಮೇಲೆ ಕೈ ಹಾಕಿದ.

"ಐದು ಮ್ಯಾಚು ಇಲ್ಲೇ ಕಣಯ್ಯ. ಮೊದಲ್ನೇದು ಸಲೀಸಾಗಿ ಆಗ್ಬುಡ್ಲಿ, ಈ ಗ್ರೌಂಡು ನಿನ್ ಕೈಗೇ. ಕಾಯಂ ಮಾಡುಸ್ತೀನಿ."

ಆ ಒಂದು ಮಾತಿಗೆ ಲಕ್ಕಯ್ಯ ಮೂರು ತಿಂಗಳು ದುಡಿದ. ಕೊರವಂಗಲದ ಕಡೆಯಿಂದ ಜೇಡಿಮಣ್ಣು ತರಿಸಿ ಒಣಗಿಸಿದ, ಕುಟ್ಟಿದ, ಜರಡಿ ಹಿಡಿದ. ಬುತ್ತಿ ತಂದ ಹೆಂಡತಿ ಸುಬ್ಬಮ್ಮ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿ, "ನಮ್ಮನೆ ರಾಗಿಹಿಟ್ಟೂ ಇಷ್ಟು ನುಣ್ಣಗಿಲ್ಲ. ಇನ್ಮೇಲೆ ಇದ್ರಲ್ಲೇ ಮುದ್ದೆ ತಿರುವ್ತೀನಿ, ತಿನ್ನು," ಎಂದಳು. ಲಕ್ಕಯ್ಯ ನಕ್ಕ. ಕಾಯಂ ಆದಮೇಲೆ ಅವಳನ್ನು ಒಂದು ಮ್ಯಾಚಿಗೆ ಕುರ್ಚಿಯಲ್ಲಿ ಕೂರಿಸಬೇಕೆಂದು ಅವನ ಮನಸ್ಸಿನಲ್ಲಿತ್ತು. ಹೇಳಲಿಲ್ಲ.

ಪಂದ್ಯದ ಹಿಂದಿನ ಸಂಜೆ ರೆಫರಿ ಬಂದು ಪಿಚ್ ನೋಡಿದರು. ಹೆಬ್ಬೆರಳಿನಿಂದ ಒತ್ತಿ, ತಲೆದೂಗಿ, ಇನ್ನು ಮುಂದೆ ತಮ್ಮನ್ನು ಕೇಳದೆ ಯಾರೂ ಇದನ್ನು ಮುಟ್ಟಕೂಡದು ಎಂದು ಹೇಳಿ ಹೋದರು. ಪಿಚ್ಚಿನ ಸುತ್ತ ಹಗ್ಗ ಕಟ್ಟಿದವನೂ ಲಕ್ಕಯ್ಯನೇ.

ಮಾರನೆಯ ಬೆಳಿಗ್ಗೆ ದೇವರಾಜ್ ತೆಂಗಿನಕಾಯಿ, ಕುಡುಗೋಲು, ಫೋಟೋದವನು ಎಲ್ಲ ಸಮೇತ ಬಂದ.

"ಲಕ್ಕಯ್ಯ, ಕಾಯ್ ಒಡಿ. ನೀರು ಪಿಚ್ಚಿಗೇ ಬೀಳ್ಬೇಕು. ನಮ್ಮಪ್ಪ ಏಳವ್ರೆ."

"ಬ್ಯಾಡಿ ಸಾ. ರೆಫರಿಗೆ ಒಪ್ಸ್ಬುಟ್ಟಿವ್ನಿ. ಹಗ್ಗದಿಂದ ಆಚೆ ಕಲ್ಲಿಟ್ಟು ಒಡೀತೀನಿ. ನೀರು ಚೊಂಬಿಗೆ ಇಡ್ಕೊಳನ."

"ಉಳೋಕ್ ಮುಂಚೆ ನೇಗ್ಲು ಪೂಜೆನ ಪಕ್ಕದ ಒಲದಲ್ಲಿ ಮಾಡ್ತಾರೇನಯ್ಯ? ನಮ್ ಮಣ್ಣು, ನಮ್ ಕಾಯಿ. ಕೇಳೋಕೆ ಅವ್ನ್ಯಾರು? ಏನಾದ್ರೂ ಅಂದ್ರೆ ನಾನಿದೀನಿ."

ಲಕ್ಕಯ್ಯನಿಗೆ ಎರಡು ಭಯ. ಒಡೆದರೆ ಮಣ್ಣು ಕೆಡುತ್ತದೆ, ಒಡೆಯದಿದ್ದರೆ ಕಾಯಂ ಮಾತು ಕೆಡುತ್ತದೆ. ಎಳೆಯ ಪೈರಿಗೂ, ಹೊಸ ಬಾವಿಗೂ ಕಾಯಿ ಒಡೆದ ಕೈ ಅದು. ದೇವರ ಕೆಲಸಕ್ಕೆ ಬೇಡ ಎಂದು ಎರಡನೆಯ ಸಲ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹಗ್ಗ ದಾಟಿ, ಕಾಯಿಯನ್ನು ಕೈಯಲ್ಲೇ ಹಿಡಿದು ಕುಡುಗೋಲಿನ ಹಿಂಬದಿಯಿಂದ ಹೊಡೆದ. ಬಲಿತ ಕಾಯಿಯಾದರೂ ನೀರು ಜಾಸ್ತಿಯೇ ಇತ್ತು. ಚೆಂಡು ಪುಟಿಯುವ ಜಾಗದಲ್ಲೇ ಮೊರದಗಲ ಹರಡಿತು. ಫೋಟೋ ತೆಗೆದಾಯಿತು.

ಅವರು ಹೋದಮೇಲೆ ಲಕ್ಕಯ್ಯ ಟವೆಲ್ ಒತ್ತಿ ನೀರು ಹೀರಿಸಲು ಹೋದ. ಟವೆಲ್ ಎತ್ತಿದಾಗ ಅದರ ಜೊತೆ ಮಣ್ಣಿನ ಹಪ್ಪಳದಂಥ ಪದರವೊಂದು ಎದ್ದು ಬಂತು. ಮೂರು ತಿಂಗಳ ಕೆಲಸ ಟವೆಲ್ಲಿಗೆ ಅಂಟಿಕೊಂಡಿತ್ತು.

ಎದುರಾಳಿ ನಾಯಕ ಅದನ್ನು ನೋಡಿ ಆಡುವುದಿಲ್ಲವೆಂದ. ರೆಫರಿ ಬಗ್ಗಿ ಒತ್ತಿದರು, ಬೆರಳಿಗೆ ಕೆಸರು ಬಂತು. "ಯಾರು ಮಾಡಿದ್ದು?" ಎಂದರು.

ದೇವರಾಜ್ ಲಕ್ಕಯ್ಯನ ಮುಖ ನೋಡಲಿಲ್ಲ. "ಇವ್ನೇ ಸಾರ್. ಹಳ್ಳಿ ಮನುಷ್ಯ, ಏನೋ ಮೂಢನಂಬಿಕೆ. ಹೇಳಿದ್ರೂ ಕೇಳಲ್ಲ."

ಲಕ್ಕಯ್ಯ ಬಾಯಿ ತೆರೆದ. ಮ್ಯಾನೇಜರೇ ಮಾಡಿಸಿದ್ದೆಂದರೆ ತಂಡದ ಮೇಲೆ ತಪ್ಪು ಬಂದು ಉಳಿದ ನಾಲ್ಕು ಪಂದ್ಯಗಳೂ ಊರು ಬಿಡುತ್ತವೆ ಎಂದುಕೊಂಡ.

"ಊಂ ಸಾ. ನಾನೇ," ಎಂದ.

ಪಂದ್ಯ ರದ್ದಾಯಿತು. ನಾಲ್ಕು ತಾಲ್ಲೂಕಿನಿಂದ ಬಂದಿದ್ದ ಜನ ಅವನನ್ನು ಬೈದುಕೊಂಡು ಬಸ್ ಹತ್ತಿದರು. ವಾರದೊಳಗೆ ಉಳಿದ ನಾಲ್ಕು ಪಂದ್ಯಗಳೂ ಬೇರೆ ಊರಿಗೆ ಹೋದವು. ಅವನು ಬಾಯಿ ಮುಚ್ಚಿಕೊಂಡಿದ್ದರಿಂದ ಉಳಿದದ್ದು ದೇವರಾಜನ ಕುರ್ಚಿ ಮಾತ್ರ. ಮೈದಾನದ ಗೇಟಿನಲ್ಲಿ, ಇನ್ನು ಬರಬೇಡ ಎಂದರು. ಗೂಟಕ್ಕೆ ತೂಗುಹಾಕಿದ್ದ ಜರಡಿಯನ್ನು ಕೇಳಿದ. ಅದು ಮೈದಾನದ್ದು ಎಂದರು. ಅದನ್ನು ತಂದವನು ಅವನೇ.

ಈಗ ಲಕ್ಕಯ್ಯ, ಸುಬ್ಬಮ್ಮ ಇಬ್ಬರೂ ಅರಕಲಗೂಡಿನ ಹತ್ತಿರ ಶುಂಠಿ ತೊಳೆಯುತ್ತಾರೆ. ಇಡೀ ದಿನ ನೀರಿನಲ್ಲಿ ನಿಂತು ಅವನ ಅಂಗಾಲು ಬಿಳಿಚಿ ಮೆತ್ತಗಾಗಿದೆ. ಒಂದು ದಿನ ಅಲ್ಲಿನ ಮೇಸ್ತ್ರಿ ಗುಂಡಯ್ಯ ಪೇಪರ್ ಹಿಡಿದುಕೊಂಡು ಬಂದ. "ನಿಮ್ ಹುಲಿಗಳು ಗೆದ್ದವೆ ಕಣೋ ಲಕ್ಕಯ್ಯ!"

ಪೇಪರಿನಲ್ಲಿ ಫೋಟೋ ಇತ್ತು. ಬೇರೆ ಊರಿನ ಮೈದಾನ. ದೇವರಾಜ್ ಹಗ್ಗದಿಂದ ಆಚೆ ಕಲ್ಲಿಟ್ಟು ಕಾಯಿ ಒಡೆಯುತ್ತಿದ್ದ. ಪಕ್ಕದಲ್ಲೊಬ್ಬ ಚೊಂಬು ಹಿಡಿದಿದ್ದ.

ಸುಬ್ಬಮ್ಮ ಇಣುಕಿ ನೋಡಿದಳು. "ಇದ್ನೇ ಅಲ್ವಾ ಅವತ್ತು ನೀನು ಅವ್ನಿಗೆ ಏಳಿದ್ದು?"

ಲಕ್ಕಯ್ಯ ಪೇಪರನ್ನು ಒದ್ದೆಯಾಗದಂತೆ ಎರಡು ಬೆರಳಲ್ಲಿ ಹಿಡಿದು ಗುಂಡಯ್ಯನಿಗೆ ಹಿಂದಿರುಗಿಸಿದ.

"ಗೆಲ್ದೆ ಏನು? ಈ ಸಲ ಕಾಯ್ನ ಸರಿಯಾದ ಜಾಗ್ದಲ್ಲಿ ಒಡ್ದವ್ರೆ," ಎಂದು ಹೇಳಿ, ಮುಂದಿನ ಮೂಟೆ ಬಿಚ್ಚಿದ.